ಎತ್ತು ಏರಿಗೆ, ಕೋಣ ನೀರಿಗೆ: ಆಟೊಕಾಕರ್ ಟೈಮಿಂಗ್ ಕಡೆಗೂ ಕೂತಿತು

ಸದ್ಯ, ಆಟೊಕಾಕರ್‌ನ (ಗಾಳಿಯ ಬಲದಿಂದ ತಾನೇ ಕಾಕ್ ಆಗುವ, ಅಂದರೆ ಮುಂದಿನ ಶಾಟಿಗೆ ಸಜ್ಜಾಗುವ ಪೇಂಟ್‌ಬಾಲ್ ಗನ್; ಆಟಗಾರರ ಮಾತಲ್ಲಿ ಮಾರ್ಕರ್) ಚೇಂಬರಿನೊಳಗೆ ಬಣ್ಣದ ಬಾಲ್ ಒಡೆಯೋದು ನಿಂತಿದೆ. ಜಾರುವ ಟ್ರಿಗರಿನ ಸ್ಲೈಡ್ ಫ್ರೇಮ್ ತೆಗೆದು ತಿರುಗುವ ಟ್ರಿಗರಿನ ಹಿಂಜ್ ಫ್ರೇಮ್ ಕೂರಿಸಿದ್ದು, ಹೋಸ್ ಬದಲಿಸಿದ್ದು, ಬ್ಯಾರೆಲ್ಲಿನ ಅಳತೆಗೆ ಪೇಂಟ್ (ಬಾಲ್) ಹೊಂದಿಸಿದ್ದು ಎಲ್ಲ ಮಾಮೂಲಿ. ತಲೆ ತಿಂದದ್ದು ಒಂದೇ. ನಿಧಾನಕ್ಕೆ ಹೊಡೆದರೆ ಹಸುವಿನಂಥ ಮಾರ್ಕರ್, ಸೆಕೆಂಡಿಗೆ ಏಳೆಂಟು ಶಾಟ್ ದಾಟಿದರೆ ನಾಲ್ಕೈದಕ್ಕೊಮ್ಮೆ ಫೀಡ್ ನೆಕ್‌ನಿಂದ (ಬಾಲ್ ಇಳಿಯುವ ಮೇಲಿನ ಕೊಳವೆ) ಬಣ್ಣದ ಕಾರಂಜಿ.

ಮೊದಲ ಅನುಮಾನ ಎಲ್‌ಪಿಆರ್ (ಕಾಕ್ ಮಾಡುವ ಗಾಳಿಯ ಒತ್ತಡ ತಗ್ಗಿಸುವ ರೆಗ್ಯುಲೇಟರ್) ಮೇಲೆ. ಒತ್ತಡ ಜಾಸ್ತಿಯಾದರೆ, ಬಾಲನ್ನು ಬ್ಯಾರೆಲ್ಲಿಗೆ ತಳ್ಳುವ ಬೋಲ್ಟ್ ಗುದ್ದಿಯೇ ಬಾಲ್ ಒಡೆಯುತ್ತೆ. ಕಾಕ್ ಆಗದಷ್ಟು ಇಳಿಸಿ, ಆಗುವಲ್ಲಿಗೆ ಏರಿಸಿ, ಮೇಲೆ ಕಾಲು ಸುತ್ತು. ಕಾರಂಜಿ ಹಾಗೇ ಇತ್ತು. ಆಮೇಲೆ ಬಾಲ್ ತುಂಬುವ ಹಾಪರ್‌ನ ಬ್ಯಾಟರಿ ಬದಲಿಸಿದ್ದೂ ವ್ಯರ್ಥ.

ಸುಳಿವು ಸಿಕ್ಕಿದ್ದು ಕ್ರೋನೊದಲ್ಲಿ (ಬಾಲಿನ ವೇಗ ಅಳೆಯುವ ಸಾಧನ). ನಿಧಾನಕ್ಕೆ ಹೊಡೆದರೆ ಸೆಕೆಂಡಿಗೆ 274, 272, 276 ಅಡಿ. ವೇಗದಲ್ಲಿ 275, 273, ಆಮೇಲೆ 231. ಬರೀ ಶಾರ್ಟ್ ಸ್ಟ್ರೋಕ್ (ಟ್ರಿಗರ್ ಪೂರ್ತಿ ಎಳೆಯದೆ ಬಿಡುವುದು) ಆಗಿದ್ದರೆ ಬಾಲ್ ಅರ್ಧಕ್ಕೆ ಕತ್ತರಿಸಿರುತ್ತೆ, ಎಷ್ಟೋ ಸಲ ಹ್ಯಾಮರ್ (ಬಡಿದು ಗಾಳಿ ಬಿಡಿಸುವ ತುಂಡು) ಕಾಕ್ ಆಗದೆ ಮುಂದಿನ ಶಾಟ್ ಸತ್ತಿರುತ್ತೆ. ಇಲ್ಲಿ ಹಾಗಲ್ಲ. ಶಾಟ್ ಹೋಗ್ತಿದೆ, ಆದರೆ ಗಾಳಿ ಅರ್ಧ ಮುಂದಕ್ಕೆ, ಅರ್ಧ ಮೇಲಕ್ಕೆ. ಅಂದರೆ ಬಾಲ್ ಬ್ಯಾರೆಲ್ ಬಿಡುವ ಮೊದಲೇ ಬೋಲ್ಟ್ ಹಿಂದಕ್ಕೆ ಹೊರಟಿದೆ. ಮೇಲೆ ಕಾದಿದ್ದ ಬಾಲಿಗೆ ಆ ಹೊಡೆತ.

ಟ್ರಿಗರ್ ಪಕ್ಕದಲ್ಲಿ ಫ್ರೇಮಿಗೆ ಗ್ರಾಫ್ ಪೇಪರಿನ ಪಟ್ಟಿ ಅಂಟಿಸಿ ನೋಡಿದರೆ ಗುಟ್ಟು ಬಯಲು. (ಹಾಪರ್ ಹೊರಗೆ, ಚೇಂಬರ್ ಖಾಲಿ, ಬ್ಯಾರೆಲ್ ಬಾಯಿಗೆ ತಡೆಚೀಲ ಹಾಕಿ, ಕಣ್ಣಿಗೆ ಗಾಗಲ್. ಇದರಲ್ಲಿ ರಾಜಿ ಬೇಡ.) ಒಟ್ಟು ಎಳೆತ 6 ಮಿಮೀ. ಸಿಯರ್ (ಹ್ಯಾಮರನ್ನು ಹಿಡಿದಿಡುವ ಕೊಕ್ಕೆ) ಬಿಡುವುದು 2.5ಕ್ಕೆ, ತ್ರೀವೇ (ಗಾಳಿಯ ದಿಕ್ಕು ಬದಲಿಸಿ ಬೋಲ್ಟನ್ನು ಹಿಂದಕ್ಕೆ ಕಳಿಸುವ ಕವಾಟ) ತಿರುಗುವುದು 3ಕ್ಕೆ. ನಡುವೆ ಬರೀ ಅರ್ಧ ಮಿಲಿಮೀಟರ್! ಬೆರಳು ನಿಧಾನ ಇದ್ದಾಗ ಅಷ್ಟರಲ್ಲೇ ಹ್ಯಾಮರ್ ಬಡಿದು ಬಾಲ್ ಹೊರಟಿರುತ್ತೆ. ಬೆರಳು ಓಡಿದರೆ ಆ ಅರ್ಧ ಮಿಲಿಮೀಟರಿಗೆ ಸಮಯವೇ ಇಲ್ಲ.

ಪರಿಹಾರ ಎರಡು ಕಡೆ. ಬೋಲ್ಟ್ ಕಳಚಿ, ಮೇಲಿನ ರಂಧ್ರದಿಂದ ಅಲನ್ ಕೀ ಇಳಿಸಿ, ಹ್ಯಾಮರ್‌ನ ಲಗ್ (ಸಿಯರಿಗೆ ಸಿಕ್ಕಿಕೊಳ್ಳುವ ಸ್ಕ್ರೂ) ಕಾಲು ಸುತ್ತಿನಂತೆ ಎತ್ತಿದಷ್ಟೂ ಸಿಯರ್ ಬೇಗ ಬಿಡುತ್ತೆ. ಆಸೆಬುರುಕತನ ಮಾಡಿದರೆ ಲಗ್ ಸಿಯರ್ ಮೇಲೆ ನಿಲ್ಲದೆ ಜಾರಿ, ಮಾರ್ಕರ್ ತಾನಾಗೇ ಹೊಡೆಯೋಕೆ ಶುರುಮಾಡುತ್ತೆ. ಅಂಥದ್ದನ್ನು ಮೈದಾನಕ್ಕೆ ತರುವ ಹಾಗಿಲ್ಲ. 2ಕ್ಕೆ ನಿಲ್ಲಿಸಿದೆ. ಇನ್ನೊಂದು, ಟ್ರಿಗರಿನಿಂದ ತ್ರೀವೇಗೆ ಹೋಗುವ ಟೈಮಿಂಗ್ ರಾಡ್ ಉದ್ದ ಮಾಡಿ ತ್ರೀವೇಯನ್ನು 4ಕ್ಕೆ ತಳ್ಳಿದ್ದು. ಇನ್ನೂ ಉದ್ದ ಮಾಡಿದರೆ ಎಳೆತ ಮುಗಿದರೂ ತ್ರೀವೇ ಪೂರ್ತಿ ತಿರುಗದೆ ನಡುವೆಯೇ ನಿಂತು ಮುಂದಿನಿಂದ ಸುಯ್ ಅನ್ನುತ್ತೆ. ಬೋಲ್ಟನ್ನು ಹಿಂದಕ್ಕೆ ಎಳೆಯುವ ಬ್ಯಾಕ್ ಬ್ಲಾಕ್ 5ಕ್ಕೆ ಹಿಂದೆ ತಲುಪುತ್ತೆ. ಕೊನೆಯ 1 ಮಿಮೀ ಬೆರಳಿನ ಅವಸರಕ್ಕೆ ಬಿಟ್ಟ ಜಾಗ.

ಆದರೂ ಒಂದು ಮಂದಗತಿ ಉಳಿದಿತ್ತು. ತ್ರೀವೇ ಶಾಫ್ಟಿನ ಒ-ರಿಂಗ್‌ಗಳು. ಪ್ಯಾಕೆಟ್ ಮೇಲೆ 90 ಡ್ಯೂರೋಮೀಟರ್ (ಗಡಸುತನದ ಅಳತೆ) ಯುರೆಥೇನ್ ಅಂತ ಮುದ್ರಿಸಿ, ಒಳಗೆ ಮೆತ್ತಗಿನ ಕರಿ ಬುನಾ ರಬ್ಬರ್ ತುಂಬಿ ಕಳಿಸುವ ಪುಣ್ಯಾತ್ಮ ಸಪ್ಲೈಯರ್‌ಗೆ ನಮಸ್ಕಾರ. ಉಗುರು ಒತ್ತಿದರೆ ಗುರುತು ಬೀಳುವ ರಿಂಗು, ಮೂರು ವಾರದ ಕಾಯುವಿಕೆ, ಫೋನ್ ಎತ್ತದ ಅಂಗಡಿ. ಬೇರೆ ಕಡೆಯಿಂದ ತರಿಸಿ, ಡೌ 33 ಗ್ರೀಸ್ ತೆಳ್ಳಗೆ ಸವರಿದ್ದಾಯಿತು. ದಪ್ಪ ಮೆತ್ತಿದರೆ ಶಾಫ್ಟ್ ಮಂದವಾಗುತ್ತೆ, ದೋಸೆಗೆ ಬೆಣ್ಣೆ ಅಲ್ಲ ಇದು.

ಎಣಿಸುವುದಕ್ಕೆ ಫೋನಿನಲ್ಲಿ 3 ಸೆಕೆಂಡ್ ಧ್ವನಿ ಹಿಡಿದು, ಆಡಾಸಿಟಿ ತಂತ್ರಾಂಶದಲ್ಲಿ ಶಿಖರಗಳನ್ನು ಲೆಕ್ಕ ಹಾಕಿದರೆ ಸಾಕು. ಈಗ 26, ಅಂದರೆ ಸೆಕೆಂಡಿಗೆ ಎಂಟೂವರೆ ಚಿಲ್ಲರೆ. ಕ್ರೋನೊ 271ರಿಂದ 277ರೊಳಗೆ.

ಇಷ್ಟೆಲ್ಲ ಒದ್ದಾಡುವಾಗ ಪಕ್ಕದ ಇನ್ನೊಂದು ಮಾರ್ಕರಿನ ಖಾಲಿ ಬಾಡಿ ನಗ್ತಾ ಇತ್ತು. ಅದಕ್ಕೆ ಪಂಪ್ ಕಿಟ್ (ಕೈಯಿಂದ ಕಾಕ್ ಮಾಡುವ ಭಾಗಗಳು) ಹಾಕುವುದು ಮುಂದಿನ ಕೆಲಸ. ಆಟೊಕಾಕರ್‌ನ ಪೂರ್ವಜ ಸ್ನೈಪರ್ ಪಂಪ್ ಮಾರ್ಕರೇ ತಾನೆ; ತ್ರೀವೇ ಇಲ್ಲ, ಎಲ್‌ಪಿಆರ್ ಇಲ್ಲ, ಬೋಲ್ಟ್ ಎಳೆಯುವ ರ‍್ಯಾಮ್ ಅಂದರೆ ಕೈಯೇ. 1981ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಹೆನ್ನಿಕರ್‌ನಲ್ಲಿ ಮೊದಲ ಪೇಂಟ್‌ಬಾಲ್ ಆಟ ಆಡಿದ ಹನ್ನೆರಡು ಜನರ ಕೈಯಲ್ಲಿ ಇದ್ದದ್ದೂ ಮರಕ್ಕೆ ಗುರುತು ಹಾಕುವ, ಪ್ರತಿ ಶಾಟಿಗೂ ಕೈಯಲ್ಲೇ ಕಾಕ್ ಮಾಡುವ ನೆಲ್‌ಸ್ಪಾಟ್ 007.

ರಾಡಿನ ಗ್ರಬ್ ಸ್ಕ್ರೂಗೆ ನೀಲಿ ಲಾಕ್‌ಟೈಟ್ ಒಂದು ಹನಿ ಬಿಟ್ಟು, ಜೋಡಣೆ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದಿದೆ. 400 ಬಾಲ್ ಆದಮೇಲೂ ಗೆರೆ ಕದಲಿಲ್ಲ.