ಕಾಲರ್ ಒಳಗಿನ ರಾಣಿ

ಹತ್ತು ಸೆಂಟಿನ ಬೆಳ್ಳಿ ನಾಣ್ಯ ಎಷ್ಟು ಚಿಕ್ಕದು ಅಂದರೆ, ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಆಮ್ಸ್ಟರ್‌ಡ್ಯಾಮ್ ಪಕ್ಕದ ಆಮ್ಸ್ಟಲ್‌ವೇನ್‌ನಲ್ಲಿ ನಮ್ಮ ಪಕ್ಕದ ಮನೆಯ ಡಚ್ ಅಜ್ಜಿ ಅಂಥದ್ದೊಂದನ್ನು ಈ ಸಲ ಮೇ 4ರಂದು ನನ್ನ ಅಂಗೈಗೆ ಹಾಕಿದರು. ಯುದ್ಧದಲ್ಲಿ ಸತ್ತವರನ್ನು ಇಲ್ಲಿನವರು ನೆನೆಯುವ ದಿನ ಅದು. ನಾನೂ ಮಗಳೂ ಮಧ್ಯಾಹ್ನ ಅವರ ಮನೆಗೆ ಕಾಫಿಗೆ ಹೋಗಿದ್ದೆವು.

ನಾಣ್ಯ ಪೂರ್ತಿ ಇರಲಿಲ್ಲ. ಆಗಿನ ಡಚ್ ರಾಣಿ ವಿಲ್ಹೆಲ್ಮಿನಾ ಮುಖವನ್ನು ಬಿಟ್ಟು ಸುತ್ತಲಿನ ಬೆಳ್ಳಿಯನ್ನೆಲ್ಲ ಕೊಯ್ದು ತೆಗೆದಿದ್ದರು. ಹಿಂದೆ ಬೆಸುಗೆ ಹಾಕಿದ ಸೂಜಿ. ರಾಣಿಯ ಕತ್ತಿನ ಹತ್ತಿರ ಗರಗಸ ಜಾರಿದ ಗೀರು ಇನ್ನೂ ಕಾಣುತ್ತದೆ. "ಅಪ್ಪ ರಾತ್ರಿ ಅಡುಗೆಮನೆ ಮೇಜಿನ ಮೇಲೆ ಮಾಡಿದ್ದು" ಅಂದರು ಅಜ್ಜಿ.

ಜರ್ಮನ್ ಸೈನ್ಯ 1940ರ ಮೇ 10ರಂದು ನೆದರ್‌ಲ್ಯಾಂಡ್ಸ್‌ಗೆ ನುಗ್ಗಿದಾಗ ಅಜ್ಜಿಗೆ ಐದು ವರ್ಷ. ವಾರದೊಳಗೆ ದೇಶ ಶರಣಾಯಿತು, ರಾಣಿ ಲಂಡನ್ ಸೇರಿದರು. ಅಪ್ಪ ಆಮ್ಸ್ಟರ್‌ಡ್ಯಾಮಿನ ಟ್ರಾಮ್ ರಿಪೇರಿ ಶೆಡ್ಡಿನಲ್ಲಿದ್ದರು. ಯಹೂದಿಗಳನ್ನು ಬೀದಿಯಿಂದ ಹಿಡಿದು ಒಯ್ದಿದ್ದಕ್ಕೆ 1941ರ ಫೆಬ್ರವರಿ 25ರಂದು ಊರೇ ಮುಷ್ಕರ ಹೂಡಿತು. ಟ್ರಾಮ್ ನಿಂತವು, ಬಂದರು ನಿಂತಿತು. ಎರಡು ದಿನದಲ್ಲಿ ಗುಂಡು ಹೊಡೆದು ಅದನ್ನು ಅಡಗಿಸಿದರು. ಆಮೇಲೆ ಅಜ್ಜಿಯ ಮನೆಯಲ್ಲಿ ಉಳಿದದ್ದು ಪ್ರತಿಭಟನೆಯ ಸಣ್ಣ ಸಣ್ಣ ಕೆಲಸಗಳು.

ಬೆಳ್ಳಿ ನಾಣ್ಯ ವಾಪಸ್ ತೆಗೆದುಕೊಂಡು ಜರ್ಮನರು ಸತುವಿನ ನಾಣ್ಯ ಚಲಾವಣೆಗೆ ತಂದರು. ಅದರಲ್ಲಿ ರಾಣಿ ಇಲ್ಲ. ಅಮ್ಮ ಒಂದಷ್ಟು ಬೆಳ್ಳಿ ನಾಣ್ಯ ಕೊಡದೆ ಬಚ್ಚಿಟ್ಟರು. ಪಿನ್ನನ್ನು ಕೋಟಿನ ಕಾಲರ್ ಒಳಮಗ್ಗುಲಿಗೆ ಚುಚ್ಚಿಕೊಳ್ಳುತ್ತಿದ್ದರು. ರೇಷನ್ ಸಾಲಿನಲ್ಲಿ ಗೊತ್ತಿದ್ದವರು ಸಿಕ್ಕರೆ, ಸುಮ್ನೆ ಕಾಲರ್ ಸರಿಮಾಡಿಕೊಂಡ ಹಾಗೆ ಒಮ್ಮೆ ಎತ್ತಿ ಬಿಡುವುದು. ಅಷ್ಟೇ. ಮಾತಿಲ್ಲ ಕತೆಯಿಲ್ಲ.

1943ರ ಮೇನಲ್ಲಿ ಎಲ್ಲರೂ ರೇಡಿಯೊ ಒಪ್ಪಿಸಬೇಕು ಅಂತ ಆದೇಶ ಬಂತು. ಅಪ್ಪ ಯಾರದ್ದೋ ಕೆಟ್ಟುಹೋದ ಹಳೇ ಪೆಟ್ಟಿಗೆ ಕೊಟ್ಟು ರಸೀದಿ ತಂದರು. ಒಳ್ಳೆಯದು ಮೆಟ್ಟಿಲ ಕೆಳಗೆ ಹೋಯಿತು. ಲಂಡನ್ನಿನ ಡಚ್ ಸುದ್ದಿಯ ಹೊತ್ತಿಗೆ ಅಮ್ಮ ಹೊಲಿಗೆ ಮೆಷಿನ್ ತುಳಿಯಲು ಕೂರುತ್ತಿದ್ದರು. ಎಷ್ಟೋ ಸಲ ಸೂಜಿಯ ಕೆಳಗೆ ಬಟ್ಟೆಯೇ ಇರುತ್ತಿರಲಿಲ್ಲ, ಬರೀ ಸದ್ದು. ಮಕ್ಕಳಿಗೆ ಒಂದೇ ಕೆಲಸ: ಸ್ಕೂಲಲ್ಲಿ ಬಾಯಿ ಬಿಡಬಾರದು. ಎಂಟು ವರ್ಷದ ಮಗುವಿಗೆ ಅದೇನು ಸಣ್ಣ ಹೊರೆಯೇ?

1944ರ ಕೊನೆಗೆ ಕರೆಂಟೇ ಹೋಯಿತು. ರೈಲ್ವೆ ಮುಷ್ಕರಕ್ಕೆ ಸೇಡು ತೀರಿಸಿಕೊಳ್ಳಲು ಜರ್ಮನರು ದೇಶದ ಪಶ್ಚಿಮ ಭಾಗಕ್ಕೆ ಆಹಾರ ಬರುವುದನ್ನು ತಡೆದರು. ಆ ಚಳಿಗಾಲ ಹಸಿವಿನಿಂದ ಸುಮಾರು 20,000 ಜನ ಸತ್ತರು. ಅಜ್ಜಿ ಟ್ಯೂಲಿಪ್ ಗೆಡ್ಡೆ ತಿಂದಿದ್ದಾರೆ. ನಡುವಿನ ಹಳದಿ ಮೊಳಕೆ ವಿಷ, ಅದನ್ನು ಚಾಕುವಿನಿಂದ ಕೆತ್ತಿ ತೆಗೆಯಬೇಕು. ಮಾತಾಡುತ್ತಲೇ ಅವರ ಹೆಬ್ಬೆರಳು ಆ ಕೆತ್ತುವ ಆಟ ಆಡುತ್ತಿತ್ತು.

"ನಿಮ್ಮಮ್ಮ ಗಟ್ಟಿಗಿತ್ತಿ" ಅಂದೆ. ಅಜ್ಜಿ ಒಪ್ಪಲಿಲ್ಲ.

ಮೇಲಿನ ಮನೆಯಲ್ಲಿ ಒಂದು ಯಹೂದಿ ಸಂಸಾರ ಇತ್ತಂತೆ. ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಒಂದು ರಾತ್ರಿ ಅವರನ್ನು ಇಳಿಸಿಕೊಂಡು ಹೋದರು. ಅಮ್ಮ ಪರದೆಯ ಹಿಂದೆ ನಿಂತು ನೋಡಿದರು. ಪಿನ್ ಕಾಲರ್ ಒಳಗೇ ಇತ್ತು. 1945ರ ಮೇನಲ್ಲಿ ಬಿಡುಗಡೆಯಾಗಿ ಬೀದಿಯವರೆಲ್ಲ ಕಿತ್ತಳೆ ರಿಬ್ಬನ್ ಕಟ್ಟಿಕೊಂಡು ಕುಣಿಯುವಾಗಲೂ ಅಮ್ಮ ಅದನ್ನು ಹೊರಗೆ ಹಾಕಲಿಲ್ಲ. "ಇದನ್ನು ಹೊರಗೆ ಹಾಕಬೇಕಾಗಿದ್ದ ದಿನ ಹಾಕಲಿಲ್ಲ" ಅನ್ನುತ್ತಿದ್ದರಂತೆ.

ಆ ತಾಯಿ ತನ್ನನ್ನು ತಾನೇ ಜಾಸ್ತಿ ಶಿಕ್ಷಿಸಿಕೊಂಡರು ಅಂತ ನನಗನ್ನಿಸುತ್ತದೆ. ಅಡ್ಡ ಬಂದವರಿಗೂ ಅದೇ ಗತಿ ಕಾದಿರುತ್ತಿತ್ತು, ಮನೆಯಲ್ಲಿ ಪುಟ್ಟ ಮಕ್ಕಳು ಬೇರೆ. ಆದರೂ ಈ ದೇಶದಿಂದ ಒಂದು ಲಕ್ಷಕ್ಕೂ ಜಾಸ್ತಿ ಯಹೂದಿಗಳನ್ನು ಹೀಗೇ ಒಯ್ದು ನಾಜಿ ಶಿಬಿರಗಳಲ್ಲಿ ಸಾಯಿಸಿದ್ದಾರೆ ಅನ್ನುವಾಗ, ಆ ತಾಯಿಯ ಸಂಕಟ ಸುಳ್ಳು ಅನ್ನಲಿಕ್ಕೂ ಬಾಯಿ ಬರುವುದಿಲ್ಲ. ಪಿನ್ನನ್ನೂ ಪರದೆಯನ್ನೂ ಒಟ್ಟಿಗೇ ಹೇಳಿದ ಅಜ್ಜಿಯ ಮೇಲೆ ನನಗೆ ಗೌರವ ಹೆಚ್ಚಾಯಿತು.

ಮಗಳು ಕೇಳಿದಳು, "ಆ ಹುಡುಗಿಯರ ಹೆಸರೇನಜ್ಜಿ?"

ಅಜ್ಜಿ ನಾಲ್ವರ ಹೆಸರನ್ನೂ ತಡವರಿಸದೆ ಹೇಳಿದರು. ಆಮ್ಸ್ಟರ್‌ಡ್ಯಾಮಿನಲ್ಲಿ 2021ರಲ್ಲಿ ತೆರೆದ ಸ್ಮಾರಕದಲ್ಲಿ ಹಾಗೆ ಸತ್ತವರಿಗೆಲ್ಲ ತಲೆಗೊಂದು ಇಟ್ಟಿಗೆಯಿದೆ, ಒಂದೊಂದರ ಮೇಲೂ ಒಂದೊಂದು ಹೆಸರು. ಅಜ್ಜಿ ಇನ್ನೂ ಹೋಗಿಲ್ಲ. ಬರುವ ಶನಿವಾರ ಮೂವರೂ ಹೋಗುತ್ತಿದ್ದೇವೆ. ಅವರಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ, ಹುಡುಕುವ ಕೆಲಸ ಮಗಳದ್ದು.