ಒಂದು ದೀಪಕ್ಕೆ ಇಪ್ಪತ್ತೊಂಬತ್ತು ಸಾವಿರ

ಕಳೆದ ನವೆಂಬರಿನ ಒಂದು ರಾತ್ರಿ ಬೈಲಹೊಂಗಲದಿಂದ ಬೆಳಗಾವಿಗೆ ಮರಳುತ್ತಿದ್ದಾಗ ನನ್ನ ಕಾರಿನ ಎಡಗಡೆಯ ಹೆಡ್‌ಲೈಟು ಆರಿಹೋಯಿತು. ಕಬ್ಬಿನ ಹಂಗಾಮು ಶುರುವಾಗಿ, ಹಿಂದೊಂದು ಕೆಂಪು ದೀಪವೂ ಇಲ್ಲದ ಜೋಡಿ ಟ್ರೇಲರುಗಳನ್ನು ಎಳೆದುಕೊಂಡು ಟ್ರ್ಯಾಕ್ಟರುಗಳು ರಸ್ತೆಯ ತುಂಬ ಸಾಗುವ ಕಾಲವದು. ಒಂದೇ ದೀಪದ ಬೆಳಕಿನಲ್ಲಿ, ಮುಂದೆ ಕಾಣುವ ಕಪ್ಪು ರಾಶಿ ಮರದ ನೆರಳೋ ಕಬ್ಬಿನ ಗಾಡಿಯೋ ಎಂದು ಪ್ರತಿ ತಿರುವಿನಲ್ಲೂ ಅನುಮಾನಿಸುತ್ತ, ಎರಡನೆಯ ಗೇರಿನಲ್ಲಿಯೇ ಹೆಚ್ಚಿನ ದಾರಿಯನ್ನು ಸವೆಸಿ ಮನೆ ಸೇರಿದೆ. ಅಷ್ಟು ಭಯಪಟ್ಟರೂ ಖರ್ಚಿನ ಚಿಂತೆ ಮಾತ್ರ ಇರಲಿಲ್ಲ. ಬಲ್ಬು ಸುಟ್ಟಿರಬೇಕು, ಮುನ್ನೂರು ರೂಪಾಯಿಯ ಕೆಲಸ ಎಂದುಕೊಂಡು ಮಲಗಿದೆ.

ಮರುದಿನ ಹೆದ್ದಾರಿಯ ಬದಿಯಲ್ಲಿರುವ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ, ಕೈಯಲ್ಲಿ ಟ್ಯಾಬ್ ಹಿಡಿದ ಹುಡುಗನೊಬ್ಬ ಬಹಳ ವಿನಯದಿಂದ ನನ್ನ ಅಂದಾಜನ್ನು ತಿದ್ದಿದ. “ಸರ, ಇದರಾಗ ಬಲ್ಬ್ ಅಂತ ಬ್ಯಾರೆ ಬರಂಗಿಲ್ರಿ. ಎಲ್‌ಇಡಿ ಐತಿ. ಪೂರ್ತಿ ಅಸೆಂಬ್ಲಿನ ಹಾಕಬೇಕಾಗತೈತಿ.” ಅವನು ಕೊಟ್ಟ ಎಸ್ಟಿಮೇಟಿನಲ್ಲಿ ತೆರಿಗೆ ಸೇರಿ ದೀಪದ ಅಸೆಂಬ್ಲಿಗೆ 26,800 ರೂಪಾಯಿ, ಮುಂದಿನ ಬಂಪರನ್ನು ಬಿಚ್ಚಿ ಮತ್ತೆ ಕೂರಿಸುವುದಕ್ಕೆ 1,652 ರೂಪಾಯಿ, ಬೆಳಕಿನ ಕೋನವನ್ನು ಹೊಂದಿಸಿ ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡನ್ನು ಅಳಿಸುವುದಕ್ಕೆ 708 ರೂಪಾಯಿ, ಒಟ್ಟು 29,160 ರೂಪಾಯಿ ಎಂದಿತ್ತು. ಗಾಜು ಒಡೆದಿರಲಿಲ್ಲ, ದೀಪದ ಮನೆಗೆ ಒಂದು ಗೀರೂ ಬಿದ್ದಿರಲಿಲ್ಲ, ದೂರದ ಬೆಳಕಿನ ಹೈ ಬೀಮ್ ಮೊದಲಿನಂತೆಯೇ ಉರಿಯುತ್ತಿತ್ತು. ಒಳಗಿನ ಯಾವುದೋ ಒಂದು ಚೂರು ಕೆಟ್ಟಿದ್ದಕ್ಕೆ, ಕೆಡದೆ ಉಳಿದಿದ್ದನ್ನೆಲ್ಲ ನಾನು ಎರಡನೆಯ ಸಲ ಕೊಳ್ಳಬೇಕಾಗಿತ್ತು.

ನನ್ನ ಮುಖವನ್ನು ನೋಡಿದ ಹುಡುಗ ಧ್ವನಿ ತಗ್ಗಿಸಿ ಇನ್ನೊಂದು ಪ್ರಶ್ನೆ ಕೇಳಿದ. “ಬಂಪರಿಗೆ ಎಲ್ಲೆರ ತಾಗೇತೇನ್ರಿ, ಸರ?” ಎಲ್ಲಿಯೂ ತಾಗಿಲ್ಲ ಎಂದು ಪ್ರಾಮಾಣಿಕವಾಗಿ ಉತ್ತರಿಸಿದ ಮೇಲೆಯೇ ಅದರ ಅರ್ಥ ನನಗೆ ಹೊಳೆದದ್ದು. ತಾನಾಗಿ ಕೆಟ್ಟ ವಿದ್ಯುತ್ ಭಾಗಕ್ಕೆ ಸಾಮಾನ್ಯ ವಿಮೆ ಹಣ ಕೊಡುವುದಿಲ್ಲ, ಅಪಘಾತದಲ್ಲಿ ಒಡೆದ ದೀಪಕ್ಕೆ ಕೊಡುತ್ತದೆ. ನಾನು ‘ಹೂಂ, ತಾಗಿದೆ’ ಎಂದಿದ್ದರೆ ಮುಂದಿನ ಕಾಗದಪತ್ರ ತಾನಾಗಿ ಸಾಗುತ್ತಿತ್ತೇನೋ. 2020ರಲ್ಲಿ ಕೊಂಡ ಈ ಕಾರಿಗೆ ಐದು ವರ್ಷ ಒಂದೂ ಕ್ಲೇಮ್ ಮಾಡದೆ ಪ್ರೀಮಿಯಮ್ಮಿನಲ್ಲಿ ರಿಯಾಯಿತಿ ಕೊಡುವ ನೋ ಕ್ಲೇಮ್ ಬೋನಸ್ಸನ್ನು ಶೇ. 50ರಷ್ಟು ಗಳಿಸಿದ್ದೇನೆ. ಸುಳ್ಳು ಹೇಳುವ ಪಾಪದ ಜೊತೆಗೆ ಅದೂ ಕೈಬಿಡುತ್ತಿತ್ತು. ಆದರೆ ನನ್ನನ್ನು ಕಾಡಿದ್ದು ಬೇರೆಯ ಸಂಗತಿ. ಇಂಥ ಬಿಲ್ಲುಗಳನ್ನು ಬಹುಮಟ್ಟಿಗೆ ವಿಮಾ ಕಂಪನಿಗಳೇ ಕಟ್ಟುವುದರಿಂದ ಬಿಡಿಭಾಗದ ಬೆಲೆಯನ್ನು ಕೇಳಿ ಹುಬ್ಬೇರಿಸುವವರೇ ಆ ಕೌಂಟರಿನಲ್ಲಿ ಕಡಿಮೆ. ಆ ಭಾರ ಮಾತ್ರ ಎಲ್ಲರ ಪ್ರೀಮಿಯಮ್ಮಿನಲ್ಲಿ ಸದ್ದಿಲ್ಲದೆ ಸೇರಿಕೊಳ್ಳುತ್ತದೆ.

ನಮ್ಮ ಮನೆಯ ಹಳೆಯ ಕಾರಿನಲ್ಲಿ ಎಚ್4 ಎಂಬ ಹ್ಯಾಲೊಜೆನ್ ಬಲ್ಬು ಇತ್ತು. 60 ಮತ್ತು 55 ವ್ಯಾಟಿನ ಎರಡು ತಂತಿಗಳು ಒಂದೇ ಗಾಜಿನೊಳಗೆ, ಒಂದು ದೂರದ ಬೆಳಕಿಗೆ, ಇನ್ನೊಂದು ಹತ್ತಿರದ ಬೆಳಕಿಗೆ. ಯಾವ ಕಂಪನಿಯ ಬಲ್ಬಾದರೂ ಅದೇ ಹೋಲ್ಡರಿನಲ್ಲಿ ಕೂರುತ್ತಿತ್ತು. ಬಾನೆಟ್ ಎತ್ತಿ, ರಬ್ಬರಿನ ಟೋಪಿ ತೆಗೆದು, ಸ್ಪ್ರಿಂಗನ್ನು ಸರಿಸಿದರೆ ಐದು ನಿಮಿಷದ ಕೆಲಸ. ಗಾಜನ್ನು ಕೈಯಿಂದ ಮುಟ್ಟಬಾರದು ಎಂಬುದೊಂದೇ ಅದರ ಶಾಸ್ತ್ರ. ಆ ಬಲ್ಬಿನ ಬೆಲೆ ಕಡಿಮೆಯಿದ್ದುದಕ್ಕಿಂತ ಮುಖ್ಯವಾದದ್ದು, ಅದು ಒಂದು ದಿನ ಸುಡುತ್ತದೆ ಎಂಬುದನ್ನು ಕಾರು ಮಾಡಿದವನು ಮೊದಲೇ ಒಪ್ಪಿಕೊಂಡು ಅದಕ್ಕೊಂದು ಬಾಗಿಲು ಇಟ್ಟಿದ್ದ.

ಹಳೆಯ ಎಂಜಿನುಗಳಲ್ಲಿ ಈ ಒಪ್ಪಿಗೆ ಇನ್ನೂ ಆಳವಾಗಿತ್ತು. ತಂದೆಯವರ ಸ್ಕೂಟರಿನ ಸಿಲಿಂಡರ್ ಸವೆದಾಗ ಅದನ್ನು ಯಾರೂ ಎಸೆಯಲಿಲ್ಲ. ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ, ಅಂದರೆ ಒಳಗನ್ನು ಕೊರೆದು ಅಗಲಿಸಿ, ಮೊದಲಿನದಕ್ಕಿಂತ ಕಾಲು ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಿದರು. ಕೆಲವು ವರ್ಷಗಳ ನಂತರ ಮತ್ತೊಂದು ಬೋರ್, ಮೂಲದ್ದಕ್ಕಿಂತ ಅರ್ಧ ಮಿಲಿಮೀಟರ್ ದೊಡ್ಡ ಪಿಸ್ಟನ್. ಆ ‘ಓವರ್‌ಸೈಜ್’ ಪಿಸ್ಟನ್ನುಗಳು ಮೆಕ್ಯಾನಿಕ್ ಕಂಡುಕೊಂಡ ಉಪಾಯವಲ್ಲ, ತಯಾರಕರೇ ಹಂತಹಂತದ ಅಳತೆಗಳಲ್ಲಿ ಮಾಡಿ ಮಾರುತ್ತಿದ್ದ ವಸ್ತು. ಸವೆತವೂ ರಿಪೇರಿಯೂ ವಿನ್ಯಾಸದ ಒಳಗೇ ಇದ್ದವು. ಬ್ರೇಕ್ ಡ್ರಮ್ಮಿಗೆ ಟರ್ನಿಂಗ್, ವಾಲ್ವಿಗೆ ಗ್ರೈಂಡಿಂಗ್, ಸ್ಟಾರ್ಟರ್ ಮೋಟಾರಿಗೆ ಕಾರ್ಬನ್ ಬ್ರಷ್, ಡೈನಮೋಗೆ ರೀವೈಂಡಿಂಗ್. ಇವೆಲ್ಲ ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಒಂದೇ ಓಣಿಯಲ್ಲಿ ಆಗುತ್ತಿದ್ದವು, ಇಂದಿಗೂ ಕೆಲಮಟ್ಟಿಗೆ ಆಗುತ್ತವೆ. ಈ ಊರಿನ ಫೌಂಡ್ರಿಗಳಲ್ಲಿ ಎರಕ ಹೊಯ್ದು, ಇಲ್ಲಿಯ ಮಷಿನ್ ಶಾಪುಗಳಲ್ಲಿ ನೂಲಿನೆಳೆಯಷ್ಟೂ ಅಳತೆ ತಪ್ಪದಂತೆ ಕಡೆದ ಭಾಗಗಳು ದೇಶದ ವಾಹನ ಕಾರ್ಖಾನೆಗಳಿಗೆ ಹೋಗುತ್ತವೆ. ಅಂಥ ಊರಿನಲ್ಲಿ ಕುಳಿತು, ಹೆಬ್ಬೆರಳಿನ ಉಗುರಿಗಿಂತ ಚಿಕ್ಕದಾದ ಎಲ್‌ಇಡಿಯೊಂದು ಸಿಗುವುದಿಲ್ಲ ಎಂಬ ಮಾತನ್ನು ಕೇಳಬೇಕಾಯಿತು.

ಎಲ್ಲವೂ ಲೂಟಿಯೇ ಎಂದು ಬರೆದರೆ ಅದು ನ್ಯಾಯವಲ್ಲ. ಎಲ್‌ಇಡಿಯ ಬೆಳಕು ಚೆನ್ನಾಗಿದೆ, ವಿದ್ಯುತ್ತು ಕಡಿಮೆ ಸಾಕು, ಹ್ಯಾಲೊಜೆನ್ನಿಗಿಂತ ಬಹಳ ಕಾಲ ಬಾಳುತ್ತದೆ. ಧೂಳು ನೀರು ಹೋಗದಂತೆ ಅದನ್ನು ಅಂಟು ಹಾಕಿ ಮುಚ್ಚುವುದಕ್ಕೂ ಕಾರಣವಿದೆ. 2020ರ ಏಪ್ರಿಲ್ 1ರಿಂದ ದೇಶವು ವಾಹನದ ಹೊಗೆಗೆ ಮಿತಿ ಹಾಕುವ ನಿಯಮಗಳಲ್ಲಿ ಬಿಎಸ್-4ರಿಂದ ನೇರವಾಗಿ ಬಿಎಸ್-6ಕ್ಕೆ ಜಿಗಿದಾಗ ಬೈಕುಗಳ ಕಾರ್ಬುರೇಟರ್ ಹೋಗಿ, ಸೆನ್ಸರುಗಳನ್ನು ನಂಬಿ ಇಂಧನ ಅಳೆದು ಕೊಡುವ ಫ್ಯುಯೆಲ್ ಇಂಜೆಕ್ಷನ್ ಬಂತು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಬೈಕುಗಳಿಗೆಲ್ಲ, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಒಂದು ನಮ್ಮ ಶ್ವಾಸಕೋಶವನ್ನು, ಇನ್ನೊಂದು ನಮ್ಮ ಮಕ್ಕಳ ತಲೆಯನ್ನು ಕಾಯುತ್ತದೆ. ಸೆನ್ಸರುಗಳು ಬೇಡವೆಂದು ಹಂಬಲಿಸುವಷ್ಟು ಹಳಬ ನಾನಲ್ಲ.

ಆದರೆ ಈ ಒಳ್ಳೆಯ ಕಾರಣಗಳ ನೆರಳಿನಲ್ಲಿ, ಅಗತ್ಯವಿಲ್ಲದ ಬಹಳಷ್ಟು ಬಾಗಿಲುಗಳೂ ಮುಚ್ಚಿಹೋಗಿವೆ. ದೀಪದ ಗಾಜು ಮತ್ತು ಪ್ರತಿಫಲಕ ಒಂದು ಮುಚ್ಚಿದ ಪೆಟ್ಟಿಗೆಯಾಗಿರಬೇಕು, ಒಪ್ಪಿದೆ. ಎಲ್‌ಇಡಿಗೆ ಕರೆಂಟು ಹದಮಾಡಿ ಕೊಡುವ ಪುಟ್ಟ ಡ್ರೈವರ್ ಬೋರ್ಡನ್ನು ನಾಲ್ಕು ಸ್ಕ್ರೂಗಳ ಹಿಂದೆ ಬೇರೆಯಾಗಿ ಇಡಬಹುದು, ಕೆಲವು ತಯಾರಕರು ಇಟ್ಟೂ ಇದ್ದಾರೆ. ಇಡದಿದ್ದಾಗ ರಿಪೇರಿಯ ಅತಿ ಸಣ್ಣ ಘಟಕವೇ 26,800 ರೂಪಾಯಿ ಆಗುತ್ತದೆ. ಕಂಪನಿಗೆ ಇದರಿಂದ ಗೋದಾಮಿನಲ್ಲಿ ಇಡಬೇಕಾದ ಭಾಗಗಳ ಪಟ್ಟಿ ಚಿಕ್ಕದಾಗುತ್ತದೆ, ಜೋಡಣೆಯ ಸಮಯ ಉಳಿಯುತ್ತದೆ, ತಂತ್ರಜ್ಞನಿಗೆ ಹುಡುಕುವ ಕೆಲಸವಿರದೆ ಬದಲಿಸುವ ಕೆಲಸವಷ್ಟೇ ಉಳಿಯುತ್ತದೆ. ಹೀಗೆ ಉಳಿದದ್ದೆಲ್ಲ ಕಂಪನಿಯ ಕಡೆ, ಬೆಳೆದದ್ದು ಮಾತ್ರ ನನ್ನ ಬಿಲ್ಲು.

ಭಾವಮೈದುನನ ಡೀಸೆಲ್ ಗಾಡಿಯದು ಇದಕ್ಕೆ ತದ್ವಿರುದ್ಧವಾದ ಕತೆ. ಶಹಾಪುರದ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ದಿನಕ್ಕೆ ಮೂರು ಕಿಲೋಮೀಟರ್ ಓಡುವ ಆ ಗಾಡಿಯ ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರ್ ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ದೀಪ ಬಂತು. ಅವನು ಗಾಬರಿಯಾಗಿ ಫಿಲ್ಟರಿನ ಬೆಲೆ ವಿಚಾರಿಸುತ್ತಿದ್ದಾಗ ಪರಿಚಯದ ಮೆಕ್ಯಾನಿಕ್, “ಹಿರೇಬಾಗೇವಾಡಿ ಟೋಲ್ ತನಕ ಒಂದ ರೌಂಡ್ ಹೊಡಕೊಂಡ ಬರ್ರಿ” ಎಂದರಂತೆ. ಹೆದ್ದಾರಿಯಲ್ಲಿ ಒಂದೇ ಓಟದಲ್ಲಿ ಓಡಿಸಿದಾಗ ಫಿಲ್ಟರ್ ಬಿಸಿಯೇರಿ, ಕೂಡಿದ ಮಸಿ ತಾನಾಗಿ ಸುಟ್ಟು ದೀಪ ಆರಿತು. ಖರ್ಚು ಒಂದಿಷ್ಟು ಡೀಸೆಲ್, ವಾಪಸು ಬರುವಾಗ ಒಂದು ಚಹಾ. ಇದನ್ನು ಗಾಡಿ ಮಾರುವಾಗಲೇ ಯಾರಾದರೂ ಹೇಳಿದ್ದರೆ ಅವನು ಪೆಟ್ರೋಲ್ ಗಾಡಿಯನ್ನೇ ಕೊಳ್ಳುತ್ತಿದ್ದ.

ಕಾನೂನು ಈ ವಿಷಯದಲ್ಲಿ ಕಣ್ಣುಮುಚ್ಚಿ ಕುಳಿತಿಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ಅಸಲಿ ಬಿಡಿಭಾಗಗಳನ್ನೂ ದೋಷ ಪತ್ತೆಹಚ್ಚುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದಿದ್ದಾರೆ ಎಂಬುದು ಆರೋಪ. ಅವನ್ನು ಮುಕ್ತ ಮಾರುಕಟ್ಟೆಯಲ್ಲಿ ಸಿಗುವಂತೆ ಮಾಡಬೇಕು, ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದು ಎನ್ನಬಾರದು ಎಂಬುದು ಆದೇಶದ ಸಾರ. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನದಂದು, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಪೋರ್ಟಲನ್ನು ತೆರೆಯಿತು. ಕೃಷಿ ಯಂತ್ರ, ಮೊಬೈಲು, ಗೃಹೋಪಯೋಗಿ ವಸ್ತುಗಳ ಜೊತೆ ವಾಹನಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಒಳ್ಳೆಯ ಕೆಲಸವೇ. ಆದರೆ ಹಕ್ಕು ಎಂಬುದು ಉದ್ಯಮಬಾಗದ ಅಂಗಡಿಯ ಕಪಾಟಿನಲ್ಲಿ, ಬೆಲೆಯ ಚೀಟಿ ಅಂಟಿಸಿದ ಡ್ರೈವರ್ ಬೋರ್ಡಾಗಿ ಕಾಣಿಸುವ ತನಕ ನನ್ನಂಥವನಿಗೆ ಅದರಿಂದ ಬೆಳಕು ಬೀಳುವುದಿಲ್ಲ.

ಎಸ್ಟಿಮೇಟನ್ನು ಮಡಚಿ ಜೇಬಿಗಿಟ್ಟು ಕೊನೆಗೆ ನಾನು ಹೋದದ್ದು ಉದ್ಯಮಬಾಗಕ್ಕೇ. ತಂದೆಯವರ ಕಾಲದಿಂದ ಆಟೋ ಎಲೆಕ್ಟ್ರಿಷಿಯನ್ ಆಗಿರುವ ಮನೆತನದ ಮಿಸ್ತ್ರಿಯವರು ದೀಪವನ್ನು ಒಮ್ಮೆ ಬೆಳಗಿಸಿ ನೋಡಿ, “ಬಿಚ್ಚೂದ ದೊಡ್ಡ ಕೆಲಸ್ರಿ, ಸರ. ರಿಪೇರಿ ಏನ್ ದೊಡ್ಡದಲ್ಲ” ಎಂದರು. ಎರಡು ದಿನ ಕೇಳಿದರು. ಬಂಪರ್ ಬಿಚ್ಚಿ, ದೀಪವನ್ನು ಹೊರತೆಗೆದು, ತಾವೇ ಮಾಡಿಕೊಂಡ ತಗಡಿನ ಪೆಟ್ಟಿಗೆಯಲ್ಲಿ ಬಿಸಿಗಾಳಿ ಬಿಟ್ಟು ಅಂಟನ್ನು ಮೆತ್ತಗೆ ಮಾಡಿ, ಗಾಜನ್ನು ಅಂಚಿನುದ್ದಕ್ಕೂ ಬೆರಳಗಲ ಬೆರಳಗಲವಾಗಿ ಬಿಡಿಸಿದರು. ಆ ಕೆಲಸವನ್ನು ನಿಂತು ನೋಡಿದೆ; ಹಪ್ಪಳವನ್ನು ಮುರಿಯದಂತೆ ಬಟ್ಟೆಯಿಂದ ಎಬ್ಬಿಸುವ ನಾಜೂಕು ಅದರಲ್ಲಿತ್ತು. ಮೀಟರ್ ಹಿಡಿದು ನೋಡಿದರೆ, ಗಣಪತಿ ಹಬ್ಬದ ಸೀರಿಯಲ್ ಲೈಟಿನ ಸರದ ಹಾಗೆ ಒಂದರ ಹಿಂದೆ ಒಂದಾಗಿ ಜೋಡಿಸಿದ ಎಲ್‌ಇಡಿಗಳಲ್ಲಿ ಒಂದು ಸತ್ತು ಇಡೀ ಸಾಲನ್ನು ಆರಿಸಿತ್ತು. ಅಪಘಾತವಾದ ಗಾಡಿಯೊಂದರ ಒಡೆದ ದೀಪದಿಂದ ಅಂಥದ್ದೇ ಒಂದನ್ನು ಕಿತ್ತು ಬೆಸುಗೆ ಹಾಕಿದರು. ತಮ್ಮ ಸ್ಕ್ಯಾನರಿನಿಂದ ಕೋಡನ್ನೂ ಅಳಿಸಿದರು. ಆ ಸ್ಕ್ಯಾನರಿನ ಸಾಫ್ಟ್‌ವೇರಿಗೆ ವರ್ಷವರ್ಷ ದುಡ್ಡು ಕಟ್ಟಬೇಕಂತೆ, ಅಷ್ಟು ಕಟ್ಟಿದರೂ ಕೆಲವು ಕಂಪನಿಗಳ ಹೊಸ ಗಾಡಿಗಳು ಬಾಯಿಬಿಡುವುದಿಲ್ಲವಂತೆ. ಎಲ್ಲ ಸೇರಿ 2,200 ರೂಪಾಯಿ ಕೊಟ್ಟೆ.

ಕತೆ ಅಲ್ಲಿಗೆ ಸುಖಾಂತವಾಗಲಿಲ್ಲ ಎಂಬುದನ್ನೂ ಹೇಳಬೇಕು. ಏಪ್ರಿಲ್‌ನ ಮೊದಲ ಅಡ್ಡಮಳೆಗೆ ದೀಪದ ಒಳಗೆ ನೀರಾವಿ ಕಟ್ಟಿ ಗಾಜು ಮಂಜಾಯಿತು. ಕಾರ್ಖಾನೆಯ ಅಂಟಿನ ಬಿಗಿ ಕೈಯಿಂದ ಹಾಕಿದ ಅಂಟಿಗೆ ಬಂದಿರಲಿಲ್ಲ. ಮಿಸ್ತ್ರಿಯವರು ಬೇಸರಿಸದೆ ಮತ್ತೊಮ್ಮೆ ಬಿಚ್ಚಿ, ಒಣಗಿಸಿ, ಹೊಸ ಅಂಟು ಹಾಕಿ ಮುಚ್ಚಿದರು, ಹಣ ತೆಗೆದುಕೊಳ್ಳಲಿಲ್ಲ. ನನ್ನ ಎರಡು ಮುಂಜಾವುಗಳು ಹೋದವು. ಸರ್ವಿಸ್ ಸೆಂಟರಿನ ಹೊಸ ದೀಪಕ್ಕೆ ವಾರಂಟಿ ಇರುತ್ತಿತ್ತು, ಈ ಓಡಾಟ ಇರುತ್ತಿರಲಿಲ್ಲ. 26,960 ರೂಪಾಯಿಯ ವ್ಯತ್ಯಾಸಕ್ಕೆ ಆ ಓಡಾಟವನ್ನು ನಾನು ಒಪ್ಪಿಕೊಂಡೆ, ಸಮಯವಿಲ್ಲದವರು ಒಪ್ಪಲಿಕ್ಕಿಲ್ಲ.

ಹೋದ ವಾರದಿಂದ ಬಲಗಡೆಯ ದೀಪ ಬೆಳಗಿಸಿದೊಡನೆ ಎರಡು ಸಲ ಮಿಣುಕಿ ಆಮೇಲೆ ನಿಲ್ಲುತ್ತಿದೆ. ಫೋನಿನಲ್ಲಿ ಹೇಳಿದಾಗ ಮಿಸ್ತ್ರಿಯವರು ನಕ್ಕು, “ಮಳಿ ಹತ್ತೂದರೊಳಗ ತಗೊಂಡ ಬರ್ರಿ, ಸರ, ಬಿಸಲಾಗ ಅಂಟು ಚೊಲೋ ಹಿಡೀತೈತಿ” ಎಂದಿದ್ದಾರೆ. ಶನಿವಾರ ಹೋಗಬೇಕು.