ಒಂದು ಕಾಮಾ
ಹಳೇ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಡೆಸ್ಕ್‌ಟಾಪ್‌ಗೆ ಕನ್ನಡ ಕೀಲಿಮಣೆ. ಇವತ್ತು ಇಡೀ ಕೆಲಸ ನಿಂತಿದ್ದು ಒಂದು ಕಾಮಾ ಮೇಲೆ.

ಕೀಬೋರ್ಡ್ ಸೆಟ್ಟಿಂಗಿನ ಲೇಔಟ್ ಸಾಲಿನಲ್ಲಿ ‘ಯುಎಸ್,ಇನ್’, ಅಂದರೆ ಅಮೆರಿಕನ್ ಇಂಗ್ಲಿಷ್ ಮತ್ತು ಭಾರತ. ಕನ್ನಡ ಇಲ್ಲಿ ಪ್ರತ್ಯೇಕ ಲೇಔಟ್ ಅಲ್ಲ, ‘ಇನ್’ ಒಳಗಿನ ವೇರಿಯಂಟ್ (ಒಳಬಗೆ); ಅದರ ಹೆಸರು ವೇರಿಯಂಟ್ ಸಾಲಿಗೆ. ಇನ್‌ಸ್ಕ್ರಿಪ್ಟ್ (ಭಾರತೀಯ ಭಾಷೆಗಳ ಪ್ರಮಾಣಿತ ಕೀಲಿ ವಿನ್ಯಾಸ) ಬೇಕಿದ್ದರೆ ‘ಕೆಎಎನ್’, ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ‘ಕೆಎಎನ್-ಕಗಪ’. ಆ ಹೆಸರಿನ ಎಡಕ್ಕೆ ಒಂದು ಕಾಮಾ ಇರಲೇಬೇಕು.

ಯಾಕೆ? ಮೊದಲನೇ ವೇರಿಯಂಟ್ ಮೊದಲನೇ ಲೇಔಟಿಗೆ ಸೇರುತ್ತೆ. ಕಾಮಾ ಬಿಟ್ಟರೆ ಬಡಪಾಯಿ ಸಿಸ್ಟಂ ಅಮೆರಿಕನ್ ಇಂಗ್ಲಿಷಿನೊಳಗೆ ಕಗಪ ಹುಡುಕುತ್ತೆ. ಎಲ್ಲಿ ಸಿಗಬೇಕು!

ಟರ್ಮಿನಲ್‌ನಲ್ಲಿ ಸೆಟ್‌ಎಕ್ಸ್‌ಕೆಬಿಮ್ಯಾಪ್ ಆಜ್ಞೆ ಹೊಡೆದು ಕೀಲಿಮಣೆ ಬದಲಿಸಿದ್ದು ಲಾಗ್ಔಟ್ ತನಕ ಮಾತ್ರ. ಉಳಿಯಬೇಕಾದರೆ ಇಟಿಸಿ ಒಳಗಿನ ಡಿಫಾಲ್ಟ್ ಫೋಲ್ಡರಿನ ಕೀಬೋರ್ಡ್ ಫೈಲಿಗೆ ಬರೆಯಿರಿ.

ಇನ್ನು ಪರದೆ. ವಿಜಿಎ ಕೇಬಲ್ಲಿನಲ್ಲಿ ಮಾನಿಟರಿನ ಗುರುತು ಬರದಿದ್ದರೆ ಸಾಮಾನ್ಯವಾಗಿ 1024×768ಕ್ಕೇ ನಿಂತುಬಿಡುತ್ತೆ. ಬೇಕಾದ ಅಳತೆಗೆ ಸಾಲು ಬರೆದುಕೊಡುವ ‘ಸಿವಿಟಿ’ ಆಜ್ಞೆಗೆ 1366 ಅಗಲ ಕೇಳಿದರೆ ಅದು ಕೊಡೋದು 1368. ಅಗಲ 8ರಿಂದ ಭಾಗವಾಗಲೇಬೇಕಂತೆ, ಹಠ. ಎರಡು ಪಿಕ್ಸೆಲ್ಲಿಗೆ ತಲೆ ಕೆಡಿಸಿಕೊಳ್ಳಬೇಡಿ. ಬಂದ ಸಾಲನ್ನೇ ಪರದೆ ಹೊಂದಿಸುವ ಆಜ್ಞೆ ಎಕ್ಸ್‌ರ್‍ಯಾಂಡರ್‌ಗೆ ನ್ಯೂಮೋಡ್ ಅಂತ ಕೊಟ್ಟು, ಆಮೇಲೆ ಆಡ್‌ಮೋಡ್. ಚಿತ್ರ ಪಕ್ಕಕ್ಕೆ ಸರಿದರೆ ಮಾನಿಟರಿನ ಆಟೋ ಬಟನ್ ಒಮ್ಮೆ ಒತ್ತಿ.